ಅಪ್ಪನ ರಕ್ತದಲ್ಲಿ ಸಿಕ್ಕ ರೋಗಾಣು ನಮ್ಮ ಹಿತ್ತಲ ಮಣ್ಣಲ್ಲೂ ಇದೆಯಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಭತ್ತದ ನಾಟಿ ಮುಗಿದ ವಾರದಲ್ಲಿ ಜ್ವರ ಹಿಡಿದು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ರಕ್ತದ ಕಲ್ಚರ್‌ನಲ್ಲಿ (ರಕ್ತದಿಂದ ರೋಗಾಣು ಬೆಳೆಸಿ ನೋಡೋ ಪರೀಕ್ಷೆ) ‘ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ’ ಬಂದಿದೆ, ಮೆಲಿಯಾಯ್ಡೋಸಿಸ್, ಇದು ಮಣ್ಣಿನಿಂದ ಬರೋ ಕಾಯಿಲೆ ಅಂದರು. ಈಗ ಮನೆಗೆ ಬಂದಿದ್ದಾರೆ, ಮಾತ್ರೆ ನಡೀತಿದೆ. ಬೋರ್‌ವೆಲ್ ನೀರು ಪರೀಕ್ಷೆಗೆ ಕೊಟ್ಟರೆ ‘ಕುಡಿಯಲು ಯೋಗ್ಯ’ ಅಂತ ವರದಿ ಬಂತು. ಹಾಗಾದರೆ ಮಣ್ಣಲ್ಲೇ ಇದೆಯಾ? ಹಿತ್ತಲು ಮತ್ತು ಗದ್ದೆಯ ಮಣ್ಣನ್ನು ಪರೀಕ್ಷೆ ಮಾಡಿಸೋದು ಹೇಗೆ, ಎಲ್ಲಿಂದ ಎಷ್ಟು ತೆಗೀಬೇಕು? ಮನೇಲಿ ಇಬ್ಬರು ಚಿಕ್ಕ ಮಕ್ಕಳು, ಕೊಟ್ಟಿಗೇಲಿ ಆರು ಕುರಿ ಇವೆ.

ಉತ್ತರ: ಮಣ್ಣಿನ ಮಾತು ಆಮೇಲೆ. ಮೊದಲು ಇವತ್ತೇ ಒಂದು ಫೋನ್ ಮಾಡಿ. ನಿಮ್ಮ ತಂದೆಯವರ ರಕ್ತದ ಕಲ್ಚರ್ ಮಾಡಿದ ಆಸ್ಪತ್ರೆಯ ಮೈಕ್ರೋಬಯಾಲಜಿ ವಿಭಾಗಕ್ಕೆ ಕರೆ ಮಾಡಿ, ಬೆಳೆದ ಬ್ಯಾಕ್ಟೀರಿಯಾವನ್ನು ಎತ್ತಿಟ್ಟಿದ್ದಾರಾ ಎಂದು ಕೇಳಿ. ವರದಿ ಕೊಟ್ಟ ಕೆಲವು ದಿನಕ್ಕೆ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೆಯುವುದು ವಾಡಿಕೆ. ಗ್ಲಿಸರಾಲ್ ಬೆರೆಸಿ ಮೈನಸ್ 70 ಡಿಗ್ರಿ ಫ್ರೀಜರ್‌ನಲ್ಲಿಟ್ಟರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಆ ಒಂದು ಸಣ್ಣ ಟ್ಯೂಬ್ ಇಲ್ಲದೆ ಹೋದರೆ, ನಾಳೆ ನಿಮ್ಮ ಗದ್ದೆಯಲ್ಲಿ ಇದೇ ಜಾತಿ ಸಿಕ್ಕರೂ ‘ಈ ಮಣ್ಣಲ್ಲಿದೆ’ ಎನ್ನಬಹುದೇ ಹೊರತು ‘ಈ ಮಣ್ಣಿನಿಂದಲೇ ಬಂತು’ ಎನ್ನಲಾಗುವುದಿಲ್ಲ. ಅದೇ ಫೋನಿನಲ್ಲಿ ಇನ್ನೊಂದನ್ನೂ ಕೇಳಿ: ಹೆಸರನ್ನು ಯಂತ್ರವೊಂದೇ ಹೇಳಿದ್ದೋ, ಲೇಟೆಕ್ಸ್ ಪರೀಕ್ಷೆ (ಪ್ರತಿಕಾಯ ಲೇಪಿಸಿದ ಕಣಗಳಿಗೆ ರೋಗಾಣು ಅಂಟುತ್ತದೆಯೇ ಎಂದು ನೋಡುವುದು) ಅಥವಾ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್‌ನಿಂದ ಖಚಿತ ಮಾಡಿಕೊಂಡದ್ದೋ? ಬ್ಯಾಕ್ಟೀರಿಯಾ ಗುರುತಿಸುವ ಸ್ವಯಂಚಾಲಿತ ಯಂತ್ರಗಳು ಇದನ್ನೂ ಇದರ ಸೋದರ ಜಾತಿಯಾದ ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾವನ್ನೂ ಅದಲುಬದಲು ಮಾಡುವುದುಂಟು.

ಈಗ ‘ಕುಡಿಯಲು ಯೋಗ್ಯ’ ಎಂಬ ವರದಿ. ಅದು ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕುಡಿಯುವ ನೀರಿನ ಮಾಮೂಲಿ ಪರೀಕ್ಷೆ ಹುಡುಕುವುದು ಕೋಲಿಫಾರ್ಮ್ ಮತ್ತು ಇ-ಕೋಲೈಗಳನ್ನು, ಅಂದರೆ ನೀರಿಗೆ ಮಲ ಸೇರಿದೆಯೇ ಎಂಬುದನ್ನು. ಬರ್ಕ್‌ಹೋಲ್ಡೇರಿಯಾ ಮಲದಿಂದ ಬರುವ ಪ್ರಾಣಿಯಲ್ಲ. ಮಣ್ಣೇ ಅದರ ತವರು. ಕೋಲಿಫಾರ್ಮ್ ಸೊನ್ನೆ ಇರುವ ನೀರಿನಲ್ಲೂ ಅದು ಇರಬಹುದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ, ಯಾವ ಆಹಾರವೂ ಇಲ್ಲದೆ, 16 ವರ್ಷ ಬದುಕುಳಿದ ದಾಖಲೆ ಇರುವ ಗಟ್ಟಿ ಜೀವ ಅದು. ಹೊಸದಂತೂ ಅಲ್ಲ: ಇತ್ತ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ 1911ರಲ್ಲೇ ಅತ್ತ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿದ್ದು.

ಮಣ್ಣು ಪರೀಕ್ಷೆ ಮಾಡಿಸಬೇಕೇ? ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ಮಣ್ಣಿನ ಫಲಿತಾಂಶದಿಂದ ನೀವು ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಪಾಸಿಟಿವ್ ಬಂದರೆ ಗಂಬೂಟು ಹಾಕಿಕೊಂಡು ಗದ್ದೆಗೆ ಇಳಿಯಬೇಕು. ನೆಗೆಟಿವ್ ಬಂದರೂ ಗಂಬೂಟು ಹಾಕಿಕೊಂಡೇ ಇಳಿಯಬೇಕು, ಏಕೆಂದರೆ ಈ ಪರೀಕ್ಷೆಯಲ್ಲಿ ‘ಇಲ್ಲ’ ಎಂಬುದಕ್ಕೆ ‘ಇದೆ’ ಎಂಬುದರಷ್ಟು ತೂಕವಿಲ್ಲ. ನೀರಿನ ವಿಷಯ ಬೇರೆ. ಬೋರ್‌ವೆಲ್‌ನಲ್ಲೋ ಟ್ಯಾಂಕ್‌ನಲ್ಲೋ ಸಿಕ್ಕರೆ ಅದಕ್ಕೆ ಮದ್ದು ಮಾಡಬಹುದು. ಆದ್ದರಿಂದ ಲ್ಯಾಬ್‌ನವರು ‘ಎರಡರಲ್ಲಿ ಒಂದೇ ಮಾಡಿಕೊಡುತ್ತೇವೆ’ ಎಂದರೆ ನೀರನ್ನೇ ಆರಿಸಿಕೊಳ್ಳಿ. ಮಣ್ಣಿನ ಪರೀಕ್ಷೆಯಿಂದ ನಿಜವಾದ ಲಾಭ ಊರಿಗೆ, ತಾಲ್ಲೂಕಿಗೆ. ಈ ರೋಗಾಣು ಇಲ್ಲಿನ ಮಣ್ಣಲ್ಲಿದೆ ಎಂದು ಒಮ್ಮೆ ಖಚಿತವಾದರೆ, ಮುಂದಿನ ನಾಟಿಯ ಹೊತ್ತಿಗೆ ಸಕ್ಕರೆ ಕಾಯಿಲೆಯ ರೈತ ಜ್ವರ ಅಂತ ಬಂದಾಗ ವೈದ್ಯರು ಟಿ.ಬಿ., ಟೈಫಾಯ್ಡ್ ಎಂದು ದಿನ ಕಳೆಯದೆ ರಕ್ತದ ಕಲ್ಚರ್‌ಗೆ ಬರೆಯುತ್ತಾರೆ.

ಮಾಡಿಸುವುದೇ ಆದರೆ ಹಾರೆ ಹಿಡಿಯುವ ಮುಂಚೆ ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಸೋಂಕು ತಗಲಿ ಜ್ವರ ಬರಲು ಸಾಮಾನ್ಯವಾಗಿ 1ರಿಂದ 21 ದಿನ ಬೇಕು. ಜ್ವರ ಶುರುವಾದ ದಿನದಿಂದ ಹಿಂದಕ್ಕೆ ಮೂರು ವಾರ ಎಣಿಸಿ, ತಂದೆಯವರು ಆ ದಿನಗಳಲ್ಲಿ ಎಲ್ಲೆಲ್ಲಿ ಬರಿಗಾಲಲ್ಲಿ ಇಳಿದರು, ಯಾರ ಗದ್ದೆಗೆ ಮುಯ್ಯಾಳಾಗಿ ಹೋಗಿದ್ದರು, ನಾಲೆಯಲ್ಲಿ ಈಜಿದ್ದರಾ, ಎಲ್ಲಿಯ ನೀರು ಕುಡಿದರು, ಕಾಲಲ್ಲಿ ಗಾಯ ಇತ್ತಾ, ಎಲ್ಲವನ್ನೂ ಬರೆಯಿರಿ. ಸೋಂಕು ಮೈಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುವುದೂ ಉಂಟು, ಆದರೆ ನಾಟಿಯ ಬೆನ್ನಿಗೇ ಬಂದ ಜ್ವರಕ್ಕೆ ಮೊದಲು ಹುಡುಕಬೇಕಾದ್ದು ಈ ಮೂರು ವಾರದಲ್ಲೇ.

ಈ ಹಾಳೆ ಯಾಕೆ ಮುಖ್ಯ ಎನ್ನುವುದಕ್ಕೆ ಅಮೆರಿಕದ ಎರಡು ಪ್ರಸಂಗಗಳನ್ನು ನೋಡಿ. 2021ರಲ್ಲಿ ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಬಂತು, ಇಬ್ಬರು ತೀರಿಕೊಂಡರು. ರೋಗಿಗಳ ಮನೆ ಸುತ್ತಲಿನ ಮಣ್ಣು, ನೀರು ಎಲ್ಲ ಪರೀಕ್ಷೆ ಮಾಡಿದರು. ಕೊನೆಗೆ ರೋಗಾಣು ಸಿಕ್ಕಿದ್ದು ಒಬ್ಬ ರೋಗಿಯ ಮನೆಯೊಳಗಿದ್ದ ಸುಗಂಧದ ಸ್ಪ್ರೇ ಬಾಟಲಿಯಲ್ಲಿ, ಅದೂ ಭಾರತದಲ್ಲಿ ತಯಾರಾಗಿದ್ದು. ಮರುವರ್ಷ ಇದಕ್ಕೆ ಉಲ್ಟಾ ಆಯಿತು: ಮಿಸಿಸಿಪ್ಪಿ ರಾಜ್ಯದ ಕಡಲತೀರದಲ್ಲಿ, 2020ರಲ್ಲೂ 2022ರಲ್ಲೂ ಒಬ್ಬೊಬ್ಬರಿಗೆ ಈ ಕಾಯಿಲೆ ಬಂದಿದ್ದ ಜಾಗದಲ್ಲಿ, ಮಣ್ಣು ಮತ್ತು ನಿಂತ ಮಳೆನೀರಿನ ಮೂರು ಮಾದರಿಗಳಲ್ಲಿ ಅದು ಸಿಕ್ಕಿತು. ಆ ದೇಶದ ಮುಖ್ಯ ಭೂಭಾಗದ ಮಣ್ಣಿನಲ್ಲಿ ಇದು ಖಚಿತವಾದದ್ದು ಅದೇ ಮೊದಲು. ಎರಡರಲ್ಲೂ ಕೊಂಡಿ ಕೂಡಿಸಿದ್ದು ರೋಗಿಯಿಂದ ಎತ್ತಿಟ್ಟಿದ್ದ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ವಿವರ. ನಾವು ಮೊದಲ ಫೋನ್ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ.

ಇನ್ನು ಮಣ್ಣು ತೆಗೆಯುವುದು. ಗದ್ದೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಒಂದು ಕ್ರಮವಿದೆ: 50 ಮೀಟರ್ ಉದ್ದ, 50 ಮೀಟರ್ ಅಗಲದ ಜಾಗ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 25 ಗುಂಟೆ. ಅದರಲ್ಲಿ 5 ಮೀಟರಿಗೊಂದರಂತೆ ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು 100 ಗುಂಡಿ. ಪ್ರತಿ ಗುಂಡಿ 30 ಸೆಂಟಿಮೀಟರ್ ಆಳ. ತಳದಿಂದ 10 ಗ್ರಾಂ ಮಣ್ಣು, ಅಂದರೆ ಎರಡು ಟೀ ಚಮಚದಷ್ಟು.

ನೂರು ಗುಂಡಿ ಕೇಳಿ ಗಾಬರಿಯಾಗಬಹುದು, ಆದರೆ ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಈ ಬ್ಯಾಕ್ಟೀರಿಯಾ ಗದ್ದೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಇಲ್ಲಿ ಒಂದು ಹಿಡಿ, ಅಲ್ಲಿ ಒಂದು ಹಿಡಿ. ಹತ್ತರಲ್ಲಿ ಒಂದು ಜಾಗದಲ್ಲಿ ಮಾತ್ರ ಇದೆ ಎಂದುಕೊಳ್ಳಿ. ಐದು ಕಡೆ ತೆಗೆದರೆ ಐದೂ ಖಾಲಿ ಬರುವ ಸಾಧ್ಯತೆ ಶೇ. 59. ಇಪ್ಪತ್ತು ಕಡೆ ತೆಗೆದರೆ ಅದು ಶೇ. 12ಕ್ಕೆ, ಮೂವತ್ತು ಕಡೆ ತೆಗೆದರೆ ಶೇ. 4ಕ್ಕೆ ಇಳಿಯುತ್ತದೆ. ನೂರಕ್ಕೆ ಮೂರೇ ಕಡೆ ಇದ್ದರೆ ನೂರು ಗುಂಡಿ ತೋಡಿದರೂ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ. 5ರಷ್ಟು ಉಳಿದೇ ಇರುತ್ತದೆ. ಹಿತ್ತಲಿಂದ ಒಂದು ಕವರ್ ಮಣ್ಣು ಒಯ್ದು ‘ನೆಗೆಟಿವ್ ಬಂತು’ ಎಂದು ನೆಮ್ಮದಿ ಪಡುವುದು ಎಷ್ಟು ದುರ್ಬಲ ಎಂದು ಇದರಿಂದಲೇ ನೋಡಿ. ನಾಲ್ಕು ಮೂಲೆಯ ಮಣ್ಣನ್ನು ಕಲಸಿ ಒಂದೇ ಮಾದರಿ ಮಾಡುವ ಪದ್ಧತಿ ಕೃಷಿ ಇಲಾಖೆಯ ಗೊಬ್ಬರದ ಪರೀಕ್ಷೆಗೆ ಸರಿ. ಇಲ್ಲಿ ಪ್ರತಿ ಗುಂಡಿಯದೂ ಬೇರೆ ಬೇರೆ ಚೀಲದಲ್ಲಿರಬೇಕು.

ಮನೆ ಸುತ್ತ 25 ಗುಂಟೆ ಎಲ್ಲಿಂದ ಬರಬೇಕು? ಅಲ್ಲಿ ಜಾಗ ಆರಿಸಿ ತೆಗೆಯಬೇಕು, 20ಕ್ಕೆ ಕಡಿಮೆ ಇಲ್ಲದಂತೆ. ಬಚ್ಚಲ ನೀರು ಹೋಗಿ ಬಾಳೆ ಬುಡದಲ್ಲಿ ನಿಲ್ಲುವ ಜಾಗ, ಕೊಟ್ಟಿಗೆಯ ಗಂಜಲ ಹರಿಯುವ ಕಾಲುವೆ, ಟ್ಯಾಂಕ್ ತುಂಬಿ ಚೆಲ್ಲುವ ಕಡೆ, ಮಕ್ಕಳು ಆಡುವ ಮೂಲೆ, ಗದ್ದೆಯ ಬದುವಿನ ಒಳಮಗ್ಗುಲು, ಭತ್ತದ ಒಟ್ಟಲು ಹಾಕಿದ್ದ ಮಡಿ. ಹಾಳೆಯಲ್ಲಿ ಬರೆದ ಮೂರು ವಾರದ ಜಾಗಗಳಿಗೆ ಮೊದಲ ಪಾಲು. ತಿಪ್ಪೆಯಿಂದ ದೂರವಿರಿ, ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳ ಜಾತ್ರೆ, ಇದು ಅದರಡಿ ಮುಚ್ಚಿಹೋಗುತ್ತದೆ. ಈಶಾನ್ಯ ಥಾಯ್ಲೆಂಡಿನ ಗದ್ದೆಗಳಲ್ಲಿ ಇದು ಹೆಚ್ಚು ಕಂಡದ್ದು ಸತ್ವ ಕಡಿಮೆಯಾದ ಮಣ್ಣಿನಲ್ಲೇ.

30 ಸೆಂಟಿಮೀಟರ್ ಎಂಬುದರಲ್ಲಿ ರಾಜಿ ಬೇಡ. ಮೇಲ್ಮಣ್ಣು ಬಿಸಿಲಿಗೆ ಒಣಗುತ್ತದೆ, ಸೂರ್ಯನ ಕಿರಣಕ್ಕೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಕೆಳಗೆ ತೇವ ಇರುವಲ್ಲಿ ಉಳಿದುಕೊಂಡಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಗದ್ದೆ ನೆನೆದಿರುವ ತಿಂಗಳುಗಳಲ್ಲೇ ತೆಗೆಯುವುದು ಒಳ್ಳೆಯದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಗದ್ದೆಯಿಂದ ತೆಗೆದು ಸಿಗಲಿಲ್ಲ ಎಂದರೆ ಅರ್ಥವಿಲ್ಲ.

ಗುಂಡಿಯಿಂದ ಗುಂಡಿಗೆ ಹೋಗುವಾಗ ಗುದ್ದಲಿಯನ್ನು ತೊಳೆಯಲೇಬೇಕು. ಬಕೆಟ್ ನೀರಲ್ಲಿ ಬ್ರಷ್ ಹಾಕಿ ಮಣ್ಣು ಪೂರ್ತಿ ಬಿಡಿಸಿ, ಆಮೇಲೆ ಶೇ. 70ರ ಆಲ್ಕೋಹಾಲ್ ಸುರಿದು, ಗಾಳಿಗೆ ಒಣಗಲು ಬಿಡಿ. ಎರಡು ತಪ್ಪು ಇಲ್ಲೇ ಆಗುವುದು. ಮಣ್ಣು ಮೆತ್ತಿದ ಅಲಗಿನ ಮೇಲೆ ಆಲ್ಕೋಹಾಲ್ ಸುರಿದರೆ ಅದು ಒಳಗಿಳಿಯದೆ ಮೊದಲ ಗುಂಡಿಯ ರೋಗಾಣು ಎರಡನೆಯದಕ್ಕೆ ಹೋಗುತ್ತದೆ. ಒಣಗುವ ಮುಂಚೆಯೇ ಅಗೆದರೆ ಅಲಗಿನ ಆಲ್ಕೋಹಾಲ್ ಹೊಸ ಮಾದರಿಯನ್ನೇ ಕೊಲ್ಲುತ್ತದೆ. ಎರಡು ಗುದ್ದಲಿ ಇದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ. ಮಣ್ಣನ್ನು ಗುದ್ದಲಿ ತಾಗಿದ ಕಡೆಯಿಂದ ತೆಗೆಯದೆ, ಹೊಸ ಪ್ಲಾಸ್ಟಿಕ್ ಚಮಚದಿಂದ ತಳವನ್ನು ಕೆರೆದು ಜಿಪ್ ಕವರಿಗೆ ಹಾಕಿ. ಚೀಲದ ಮೇಲೆ ಸಂಖ್ಯೆ, ದಿನಾಂಕ. ಮೊಬೈಲ್‌ನಲ್ಲಿ ಜಿಪಿಎಸ್ ಗುರುತು. ಗಂಬೂಟು, ರಬ್ಬರ್ ಗ್ಲೌಸ್ ಕಡ್ಡಾಯ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಇರುವವರು, ಕೈಕಾಲಿಗೆ ಗಾಯ ಆದವರು ಅಗೆಯಕೂಡದು. ‘ನಮ್ಮ ಹೊಲ ನಾನೇ ತೋರಿಸ್ತೀನಿ’ ಎಂದು ತಂದೆಯವರು ಹೊರಟರೆ ಬದುವಿನ ಮೇಲೇ ನಿಲ್ಲಿಸಿ.

ಐಸ್ ಹಾಕಬೇಡಿ. ನೀರಿನ ಮಾದರಿ ಎಂದರೆ ಐಸ್ ಬಾಕ್ಸ್ ಎಂದು ಎಲ್ಲರಿಗೂ ರೂಢಿ. ಕೋಲಿಫಾರ್ಮ್ ಪರೀಕ್ಷೆಗೆ ಅದು ಸರಿ ಕೂಡ. ಆದರೆ ಬರ್ಕ್‌ಹೋಲ್ಡೇರಿಯಾಕ್ಕೆ ಚಳಿ ಆಗದು. ಮಣ್ಣಿನ ಚೀಲವನ್ನೂ ನೀರಿನ ಬಾಟಲಿಯನ್ನೂ 24ರಿಂದ 32 ಡಿಗ್ರಿಯಲ್ಲಿ, ಅಂದರೆ ಮನೆಯೊಳಗಿನ ನೆರಳಿನ ಬಿಸಿಯಲ್ಲಿ, ಬಿಸಿಲು ತಾಗದ ಡಬ್ಬದಲ್ಲಿಟ್ಟು ಅದೇ ದಿನ ಅಥವಾ ಮರುದಿನ ಲ್ಯಾಬಿಗೆ ಮುಟ್ಟಿಸಿ. ಮಧ್ಯಾಹ್ನ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಲ್ಯಾಬ್ ಯಾವುದು? ನೀರು ಪರೀಕ್ಷೆಯ ಮಾಮೂಲಿ ಲ್ಯಾಬ್‌ನಲ್ಲಿ ಇದಾಗದು. ಬಯೋಸೇಫ್ಟಿ ಕ್ಯಾಬಿನೆಟ್ (ರೋಗಾಣು ಗಾಳಿಗೆ ಹರಡದಂತೆ ಕೆಲಸ ಮಾಡುವ ಪೆಟ್ಟಿಗೆ) ಇರುವ, ಈ ರೋಗಾಣುವಿನ ಕೆಲಸ ಗೊತ್ತಿರುವ ಮೈಕ್ರೋಬಯಾಲಜಿ ವಿಭಾಗ ಬೇಕು. ಚಿಕಿತ್ಸೆ ಕೊಟ್ಟ ವೈದ್ಯರ ಪತ್ರದೊಂದಿಗೆ ಮೈಸೂರು ಅಥವಾ ಮಂಡ್ಯದ ಮೆಡಿಕಲ್ ಕಾಲೇಜಿನ ವಿಭಾಗವನ್ನು ಕೇಳಿ, ರೋಗ ಹರಡುವುದರ ಮೇಲೆ ಕಣ್ಣಿಡುವ ಆರೋಗ್ಯ ಇಲಾಖೆಯ ಜಿಲ್ಲಾ ಸರ್ವೇಕ್ಷಣಾಧಿಕಾರಿಗೂ ತಿಳಿಸಿ. ಖಾಸಗಿಯಾಗಿ ಹೋದವರಿಗಿಂತ ಆ ಮೂಲಕ ಹೋದವರ ಮಣ್ಣಿಗೆ ಬಾಗಿಲು ಬೇಗ ತೆರೆಯುತ್ತದೆ. ಕರ್ನಾಟಕದಲ್ಲಿ ಈ ಕಾಯಿಲೆಯ ಅನುಭವ ಹೆಚ್ಚಿರುವುದು ಕರಾವಳಿಯಲ್ಲಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಇದರ ಕೆಲಸ ಬಹುಕಾಲದಿಂದ ನಡೆದಿದೆ.

ಲ್ಯಾಬ್‌ನಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ‘ಯಾಕೆ ಹದಿನೈದು ದಿನ?’ ಎಂದು ನೀವು ಕೇಳುವುದಿಲ್ಲ. 10 ಗ್ರಾಂ ಮಣ್ಣನ್ನು 10 ಮಿಲಿ ವಿಶೇಷ ದ್ರವಕ್ಕೆ ಹಾಕುತ್ತಾರೆ. ಅದರಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ, ಲವಣಗಳು, ಲೀಟರಿಗೆ 50 ಮಿಲಿಗ್ರಾಂ ಕಾಲಿಸ್ಟಿನ್ ಎಂಬ ಆಂಟಿಬಯಾಟಿಕ್ ಇರುತ್ತವೆ. ಥ್ರಿಯೋನಿನ್ ಇದರ ಊಟ. ಕಾಲಿಸ್ಟಿನ್ ಉಳಿದ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ವಿಷ, ಇದಕ್ಕೆ ಲೆಕ್ಕಕ್ಕಿಲ್ಲ. ಚೆನ್ನಾಗಿ ಕಲಕಿ 40 ಡಿಗ್ರಿಯಲ್ಲಿ 48 ಗಂಟೆ. ಆಮೇಲೆ ಮೇಲಿನ ತಿಳಿಯಿಂದ 10 ಮೈಕ್ರೋಲೀಟರ್ ತೆಗೆದು ಆಶ್‌ಡೌನ್ ಅಗರ್ ಪ್ಲೇಟಿನ ಮೇಲೆ ಗೀರುತ್ತಾರೆ. ಜೆಂಟಾಮೈಸಿನ್, ಕ್ರಿಸ್ಟಲ್ ವಯೊಲೆಟ್, ನ್ಯೂಟ್ರಲ್ ರೆಡ್ ಬೆರೆಸಿದ ನೇರಳೆ ಬಣ್ಣದ ಪ್ಲೇಟ್ ಅದು.

ಮೊದಲ ದಿನ ಹೆಚ್ಚೇನೂ ಕಾಣದು. ಎರಡನೇ ದಿನಕ್ಕೆ ಗುಂಡುಸೂಜಿ ತಲೆಗಿಂತ ಚಿಕ್ಕ ಚುಕ್ಕೆಗಳು, ನಯವಾಗಿ, ಯಾವುದು ಯಾವುದೆಂದು ತಿಳಿಯದಂತೆ. ಮೂರು, ನಾಲ್ಕನೇ ದಿನಕ್ಕೆ ನಮ್ಮ ಕಾಲೊನಿ ಚಪ್ಪಟೆಯಾಗಿ, ಒಣಕಲಾಗಿ, ನೇರಳೆ ಹಣ್ಣಿನ ಸಿಪ್ಪೆ ಬಿಸಿಲಿಗೆ ಒಣಗಿದ ಹಾಗೆ ಸುಕ್ಕುಗಟ್ಟುತ್ತದೆ. ಕೆಲವು ತಳಿ ಸುಕ್ಕುಗಟ್ಟುವುದೇ ಇಲ್ಲ. ಹಾಗಾಗಿ ದಿನಕ್ಕೊಮ್ಮೆಯಂತೆ ಏಳು ದಿನ ನೋಡಬೇಕು. ಎರಡನೇ ದಿನಕ್ಕೇ ‘ಬೆಳವಣಿಗೆ ಇಲ್ಲ’ ಎಂದು ಪ್ಲೇಟ್ ಎಸೆಯುವ ಲ್ಯಾಬ್‌ಗೆ ಇದು ಎಂದೂ ಸಿಗದು. ಹಸಿಮಣ್ಣಿನ ವಾಸನೆ ಬರುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಇದೆ. ಮೂಸಿ ನೋಡುವವರಿಗೆ ಅದೇ ಸೋಂಕಿನ ದಾರಿ.

ಸಂಶಯದ ಕಾಲೊನಿಗೆ ಆಕ್ಸಿಡೇಸ್ (ಒಂದು ಕಿಣ್ವದ ಪರೀಕ್ಷೆ) ಪಾಸಿಟಿವ್ ಇರಬೇಕು, ಆಂಟಿಬಯಾಟಿಕ್‌ಗಳಲ್ಲಿ ಕಾಲಿಸ್ಟಿನ್‌ಗೂ ಜೆಂಟಾಮೈಸಿನ್‌ಗೂ ಬಗ್ಗಬಾರದು, ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಮಣ್ಣಿನಲ್ಲಿ ಇದರ ಪಡಿಯಚ್ಚಿನಂಥ ಬರ್ಕ್‌ಹೋಲ್ಡೇರಿಯಾ ಥಾಯ್ಲೆಂಡೆನ್ಸಿಸ್ ಇರುತ್ತದೆ, ಅದು ಸಾಮಾನ್ಯವಾಗಿ ಮನುಷ್ಯರಿಗೆ ಕಾಯಿಲೆ ತರದು. ಅರಾಬಿನೋಸ್ ಸಕ್ಕರೆಯನ್ನು ಅದು ತಿನ್ನುತ್ತದೆ, ನಮ್ಮದು ತಿನ್ನದು. ಕೊನೆಯ ತೀರ್ಮಾನ ಮೂರನೇ ಬಗೆಯ ಸ್ರವಿಕೆ ವ್ಯವಸ್ಥೆಯ (ರೋಗಾಣು ತನ್ನ ಪ್ರೋಟೀನುಗಳನ್ನು ಬೇರೆ ಜೀವಕೋಶಕ್ಕೆ ಚುಚ್ಚುವ ಸಾಧನದ) ಜೀನನ್ನು ಹುಡುಕುವ ಪಿಸಿಆರ್‌ನಿಂದ. ಕಲ್ಚರ್ ಇಲ್ಲದೆ ನೇರ ಮಣ್ಣಿಗೇ ಪಿಸಿಆರ್ ಮಾಡುವುದೂ ಇದೆ, ಬೇಗ ಆಗುತ್ತದೆ. ಆದರೆ ಮಣ್ಣಿನ ಹ್ಯೂಮಿಕ್ ಆಮ್ಲ ಆ ಕ್ರಿಯೆಯನ್ನೇ ತಡೆಯುವುದರಿಂದ ರೋಗಾಣು ಇದ್ದರೂ ನೆಗೆಟಿವ್ ಬರಬಹುದು; ‘ಇಂಟರ್ನಲ್ ಕಂಟ್ರೋಲ್ (ಕ್ರಿಯೆಗೆ ತಡೆಯಾಗಿದೆಯೇ ಎಂದು ತೋರಿಸುವ ಒಳತಾಳೆ) ಹಾಕಿದ್ದೀರಾ?’ ಎಂದು ಕೇಳಿ. ಪಾಸಿಟಿವ್ ಬಂದರೂ ಸತ್ತದ್ದರ ಡಿಎನ್‌ಎ ಇರಬಹುದು, ಜೀವಂತ ಇದೆ ಎಂದಾಗದು. ನಿಮ್ಮ ತಂದೆಯವರ ಮಾದರಿಗೆ ತಾಳೆ ನೋಡಲು ಏಳು ಜೀನ್‌ಗಳ ಟೈಪಿಂಗ್ ಅಥವಾ ಪೂರ್ತಿ ಜೀನೋಮ್ ಬೇಕು; ಅದಕ್ಕೆ ಬೆಳೆಸಿದ ಕಾಲೊನಿಯೇ ಬೇಕು.

ನೀರಿಗೆ ಬರೋಣ. ಕನಿಷ್ಠ 1 ಲೀಟರ್, ಸ್ಟೆರೈಲ್ ಬಾಟಲಿಯಲ್ಲಿ. ಬೋರ್‌ವೆಲ್‌ನಿಂದ ನೇರವಾಗಿ ಒಂದು, ಐದು ನಿಮಿಷ ನೀರು ಬಿಟ್ಟ ಮೇಲೆ. ಚಾವಣಿಯ ಟ್ಯಾಂಕಿನ ನಲ್ಲಿಯಿಂದ ಇನ್ನೊಂದು, ಬೆಳಗ್ಗೆ ಮೊದಲು ಬರುವ ನೀರೇ, ಬಿಡದೆ; ಪೈಪಿನ ಒಳಗೋಡೆಯ ಲೋಳೆಯಲ್ಲಿ ಅಂಟಿಕೊಂಡಿದ್ದರೆ ಅದರಲ್ಲೇ ಬರುವುದು. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಬಾಟಲಿಯಲ್ಲಿ ಮೊದಲೇ ಶೇ. 10ರ ಸೋಡಿಯಂ ಥಯೋಸಲ್ಫೇಟ್ 1 ಮಿಲಿ ಇರಬೇಕು, ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಲ್ಯಾಬ್‌ನಲ್ಲಿ ಸಣ್ಣ ರಂಧ್ರದ ಮೆಂಬ್ರೇನ್‌ನಲ್ಲಿ ಸೋಸಿ, ಆ ಮೆಂಬ್ರೇನನ್ನೇ ಅದೇ ಕಾಲಿಸ್ಟಿನ್ ದ್ರವಕ್ಕೆ ಹಾಕುತ್ತಾರೆ. ನಾಲೆಯ ಕೆಂಪು ನೀರು ಮೆಂಬ್ರೇನನ್ನು ಬೇಗ ಕಟ್ಟಿಸುತ್ತದೆ, ಅದನ್ನು ಹಲವು ತುಂಡು ಮೆಂಬ್ರೇನ್‌ಗಳಲ್ಲಿ ಹಂಚಿ ಸೋಸಬೇಕಾಗುತ್ತದೆ.

ನೀರಿನಲ್ಲಿ ಸಿಕ್ಕರೆ: ಟ್ಯಾಂಕ್ ಖಾಲಿ ಮಾಡಿ ಲೋಳೆ ಉಜ್ಜಿ ತೆಗೆದು, ಮತ್ತೆ ತುಂಬಿಸಿ, 1000 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ 150 ಗ್ರಾಂ (ಬಾಯಿ ತೆರೆದಿಟ್ಟ ಹಳೆಯದಾದರೆ 200) ಕರಗಿಸಿ ತಿಳಿಯನ್ನು ಹಾಕಿ, ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ಬಿಟ್ಟು, ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಪೂರ್ತಿ ಚೆಲ್ಲಿ ತೊಳೆಯಿರಿ. ಆ ನೀರನ್ನು ದನಕರು ಕುಡಿಯದಂತೆ ನೋಡಿಕೊಳ್ಳಿ. ಕುಡಿಯುವ ನೀರನ್ನಂತೂ ಫಲಿತಾಂಶಕ್ಕೆ ಕಾಯದೆ ಇವತ್ತಿಂದಲೇ ಕುದಿಸಿ. ಮಣ್ಣಿನಲ್ಲಿ ಸಿಕ್ಕರೆ ಹಿತ್ತಲಿಗೆ ಫಿನೈಲ್, ಬ್ಲೀಚಿಂಗ್ ಚೆಲ್ಲುವುದು ದುಡ್ಡು ದಂಡ. ಮೇಲಿನ ಎರಡು ಬೆರಳು ಮಣ್ಣಿನ ಕಸಕಡ್ಡಿಯೇ ಕ್ಲೋರಿನ್ ನುಂಗಿಬಿಡುತ್ತದೆ, ಒಂದು ಅಡಿ ಕೆಳಗಿರುವುದಕ್ಕೆ ಸುದ್ದಿಯೂ ಮುಟ್ಟದು. ಬಚ್ಚಲ ನೀರನ್ನು ಇಂಗುಗುಂಡಿಗೆ ತಿರುಗಿಸಿ, ಮಕ್ಕಳು ಆಡುವ ಅಂಗಳಕ್ಕೆ ಕಲ್ಲು ಅಥವಾ ಕಾಂಕ್ರೀಟ್ ಹಾಸಿ.

ತಂದೆಯವರ ಮಾತ್ರೆಗಳನ್ನು ಕನಿಷ್ಠ ಮೂರು ತಿಂಗಳು ನುಂಗಬೇಕಾಗುತ್ತದೆ. ಜ್ವರ ಬಿಟ್ಟಿತು ಎಂದು ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದು ತೀರ ಅಪರೂಪ. ಮಕ್ಕಳು ಅಜ್ಜನ ಪಕ್ಕ ಮಲಗಲು ಅಡ್ಡಿಯಿಲ್ಲ.

ಕುರಿಗಳ ವಿಷಯವನ್ನು ನೀವು ಕೊನೆಗೆ ಹೇಳಿದ್ದೀರಿ, ನಾವು ಅದನ್ನು ಮುಂದಕ್ಕೆ ತರುತ್ತೇವೆ. ಕುರಿ, ಮೇಕೆಗಳಿಗೆ ಈ ರೋಗ ಸುಲಭವಾಗಿ ತಗಲುತ್ತದೆ, ಅವು ಮೇಯುವುದೂ ಅದೇ ಬದುವಿನಲ್ಲೇ. ಈಚೆಗೆ ಯಾವುದಾದರೂ ಸೊರಗಿದ್ದರೆ, ಕುಂಟುತ್ತಿದ್ದರೆ, ಕುತ್ತಿಗೆ ಅಥವಾ ಕೆಚ್ಚಲಿನಲ್ಲಿ ಕೀವುಗಂಟು ಕಂಡರೆ ಮನೆಯಲ್ಲಿ ಒಡೆಯಬೇಡಿ. ಪಶುವೈದ್ಯರನ್ನು ಕರೆಸಿ, ತಂದೆಯವರ ಕಲ್ಚರ್ ವರದಿ ತೋರಿಸಿ, ಕೀವನ್ನು ಸಿರಿಂಜಿನಲ್ಲಿ ತೆಗೆಸಿ ಮಣ್ಣಿನ ಚೀಲಗಳ ಜೊತೆಗೇ ಅದೇ ಲ್ಯಾಬಿಗೆ ಕಳಿಸಿ. ನೂರು ಗುಂಡಿಯಲ್ಲಿ ಸಿಗದೆ ಹೋದದ್ದು ಆ ಒಂದು ಸಿರಿಂಜಿನಲ್ಲಿ ಸಿಕ್ಕರೂ ಸಿಗಬಹುದು.